ಮೇಲಂಚಿನ ಗೋಂದು

ಜಗಳ ಶುರುವಾದದ್ದು ಒಂದು ಸಾವಿನಿಂದ. ಸತ್ತವರು ಇಬ್ಬರಿಗೂ ಏನೂ ಆಗಬೇಕಾದವರಲ್ಲ. ದೂರದ ಯಾವುದೋ ಅರಬ್ ರಾಜಧಾನಿಯ ಶ್ರೀಮಂತ ಅಜ್ಜಿ, ಮಕ್ಕಳು ಮೊಮ್ಮಕ್ಕಳ ನಡುವೆ ನೆಮ್ಮದಿಯಾಗಿ ಕಣ್ಣು ಮುಚ್ಚಿದವರು. ಆಕೆಯ ಸಲುವಾಗಿ ಇಲ್ಲಿ ಇಬ್ಬರು ವಿದ್ವಾಂಸರು ಮಾತು ಬಿಟ್ಟರೆಂದರೆ ಆಕೆಯ ಮನೆಯವರೂ ನಂಬಲಿಕ್ಕಿಲ್ಲ.

ಅರಬ್ ಅಧ್ಯಯನ ಕೇಂದ್ರವೆಂದರೆ ಆಗ ಮೂರನೇ ಮಹಡಿಯ ಒಂದು ಉದ್ದನೆಯ ಕೋಣೆ. ಒಂದು ಮೇಜು, ಒಂದು ದೊಡ್ಡ ಕತ್ತರಿ, ಒಂದು ಗೋಂದಿನ ಬಾಟಲಿ. ಅರಬ್ಬಿ ಪತ್ರಿಕೆಗಳ ಕಟ್ಟು ಹಡಗಿನಲ್ಲಿ ತೂಕಡಿಸಿಕೊಂಡು ವಾರಗಟ್ಟಲೆ ತಡವಾಗಿ ಬರುತ್ತಿತ್ತು, ಅದೂ ಒಂದೊಂದು ಪತ್ರಿಕೆಗೆ ಒಂದೇ ಪ್ರತಿ. ನಕಲು ತೆಗೆಯುವ ಯಂತ್ರ ಆ ಕಟ್ಟಡದ ಮೆಟ್ಟಿಲನ್ನು ಇನ್ನೂ ಹತ್ತಿರಲಿಲ್ಲ. ಮೇಜಿನ ಆ ಕಡೆ ರಾಜಕೀಯ ಓದುವ ಅವನು: ಮಂತ್ರಿಮಂಡಲ, ಒಪ್ಪಂದ, ಭಾಷಣ. ಈ ಕಡೆ ಸಮಾಜ, ಸಂಸ್ಕೃತಿ ಓದುವ ಅವಳು: ಮದುವೆ, ಸಾವು, ಹಾಡು, ಸಿನಿಮಾ ಜಾಹೀರಾತು. ಕೇಂದ್ರ ಕಟ್ಟಿದ ದೊಡ್ಡ ಮೇಷ್ಟ್ರು ಅವನಿಗೆ ಮುಖಪುಟ ಎಂದೂ ಅವಳಿಗೆ ಬೆನ್ನುಪುಟ ಎಂದೂ ಹೆಸರಿಟ್ಟಿದ್ದರು. ಬರಬರುತ್ತಾ ಅಂಚೆಯವನೂ ಹಾಗೇ ಕರೆಯತೊಡಗಿದ.

ಪೀಕಲಾಟವೇನೆಂದರೆ, ಅವನಿಗೆ ಬೇಕಾದ ಭಾಷಣದ ಬೆನ್ನಿಗೇ ಅವಳಿಗೆ ಬೇಕಾದ ಶೋಕಪ್ರಕಟಣೆ ಅಚ್ಚಾಗಿರುತ್ತಿತ್ತು. ಒಂದನ್ನು ಸರಿಯಾಗಿ ಕತ್ತರಿಸಿದರೆ ಇನ್ನೊಂದು ತುಂಡಾಗುತ್ತದೆ. ಕತ್ತರಿಸಿದ್ದನ್ನು ರಟ್ಟಿಗೆ ಅಂಟಿಸಿ ಕಡತದ ಡಬ್ಬಿಗೆ ಸೇರಿಸಿದರಂತೂ ಇನ್ನೊಂದರ ಕಥೆ ಮುಗಿಯಿತು. ದಿನಾ ಪಂಚಾಯಿತಿ.

“ಹೆಣದ ಪುಟ ಓದಿ ಯಾವ ರಾಜ್ಯ ಆಳ್ತೀಯಮ್ಮ ತಾಯಿ?” ಎಂದು ಅವನು ಕೆಣಕುವನು.

“ಮಂತ್ರಿ ಯಾಕೆ ಬಿದ್ದ ಅಂತ ನಿನ್ನ ಭಾಷಣ ಬಾಯಿ ಬಿಡಲ್ಲ, ಮಹಾನುಭಾವ. ಈ ಪುಟ ಬಿಡುತ್ತೆ. ಸತ್ತವರಿಗೆ ಅಳಿಯ ಯಾರು, ಬೀಗರು ಯಾರು ನೋಡು. ಬೆಳಗಾದ್ರೆ ಕಚ್ಚಾಡೋ ಈ ನಿನ್ನ ಇಬ್ಬರು ಮಂತ್ರಿಗಳೂ ಷಡ್ಡಕರು! ಅರಬ್ಬಿಯಲ್ಲೂ ಷಡ್ಡಕನಿಗೆ ಅಂತಲೇ ಒಂದು ಪದ ಇದೆ, ಗೊತ್ತಾ? ಸೋದರಮಾವನಿಗೆ ಬೇರೆ, ಚಿಕ್ಕಪ್ಪನಿಗೆ ಬೇರೆ. ಇಂಗ್ಲಿಷಿನವರ ಹಾಗೆ ಎಲ್ಲರನ್ನೂ ಅಂಕಲ್ ಅಂತ ಒಂದೇ ಮೂಲೆಗೆ ಗುಡಿಸಿ ಹಾಕಿಲ್ಲ.”

ಅವಳು ಬರೆಯಬೇಕೆಂದಿದ್ದ ಪುಸ್ತಕವೂ ಅದೇ. ಶೋಕಪ್ರಕಟಣೆಗಳನ್ನು ಜೋಡಿಸಿ ಒಂದು ನಗರದ ನೆಂಟಸ್ತಿಕೆಯನ್ನೆಲ್ಲ ಬಿಡಿಸಿ ತೋರಿಸುವುದು. ಯಾರು ಯಾರಿಗಾಗಿ ಅಳುತ್ತಾರೆ, ಯಾರು ಅಳುವುದಿಲ್ಲ. “ಇರೋ ಹೆಸರು ಆಮೇಲೆ ಓದಿ. ಇರಬೇಕಾಗಿದ್ದು ಇಲ್ಲದ ಹೆಸರನ್ನ ಮೊದಲು ಹುಡುಕಿ” ಎಂದು ವಿದ್ಯಾರ್ಥಿಗಳ ತಲೆ ತಿನ್ನುತ್ತಿದ್ದಳು.

ಎಂಥ ಕಾಲ ಅದು! ಸಂಜೆ ಚಹಾದ ಹೊತ್ತಿಗೆ ಅವನು ಕುರ್ಚಿಯ ಮೇಲೆ ಹತ್ತಿ ನಿಂತು ಅರಬ್ಬಿಯಲ್ಲಿ ಮಂತ್ರಿಯ ಭಾಷಣ ಓದುವನು, ಎದೆ ತಟ್ಟಿಕೊಂಡು. ಭಾಷಣ ಮುಗಿಯುತ್ತಲೇ ಅವಳು ಅದೇ ಹಾಳೆ ತಿರುವಿ, ಅದೇ ಗತ್ತಿನಲ್ಲಿ ಹಿಂದಿನ ಶೋಕಪ್ರಕಟಣೆ ಓದುವಳು. ದೊಡ್ಡ ಮೇಷ್ಟ್ರು ನಕ್ಕು ನಕ್ಕು ಕನ್ನಡಕ ಒರೆಸಿಕೊಳ್ಳುವರು. ಕೋಣೆಯ ತುಂಬ ಗೋಂದಿನ ಹುಳಿ ವಾಸನೆ. ಆ ನಗು ಅವಳಿಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಸರಿ, ಅಜ್ಜಿಯ ಸಾವು ಅರ್ಧ ಪುಟದ ಪ್ರಕಟಣೆಯಾಗಿ ಬಂತು. ಅಷ್ಟೊಂದು ಹೆಸರು, ಅಷ್ಟೊಂದು ಮನೆತನ! ಪುಸ್ತಕದ ನಡುಗಂಬವೇ ಸಿಕ್ಕಿತೆಂದು ಅವಳಿಗೆ ಕುಣಿಯುವುದೊಂದು ಬಾಕಿ. ನಾಳೆ ಕೂತು ಬರೆದುಕೊಳ್ಳೋಣವೆಂದು ಮನೆಗೆ ಹೋದಳು. ಬೆಳಿಗ್ಗೆ ಬಂದು ನೋಡಿದರೆ ಅಜ್ಜಿ ರಟ್ಟಿನ ಮೇಲೆ ಬೋರಲು. ಬೆನ್ನ ಮೇಲೆ ಭಾಷಣ. ಮೂಲೆಯಿಂದ ಮೂಲೆಗೆ ಗೋಂದು.

“ಒಂದು ಮಾತು ಕೇಳೋಕೆ ನಿನ್ನ ಬಾಯಿಗೇನಾಗಿತ್ತು?”

“ಓದಿ ಆಗಿದೆ ಅಂದ್ಕೊಂಡೆ. ಹೋಗ್ಲಿ ಬಿಡು, ಒಂದು ಅಜ್ಜಿ ತಾನೆ? ನಾಳೆ ಇನ್ನೊಬ್ಬರು ಸಾಯ್ತಾರೆ.”

ಅವನು ತಮಾಷೆಗೇ ಅಂದದ್ದು. ಆದರೆ ಅವಳು ಕೆಟಲಿನ ಆವಿ ಹಿಡಿದು ಹಾಳೆ ಬಿಡಿಸಲು ಹೋಗಿ, ಅದು ಮುದ್ದೆಯಾಗಿ, ಕೈಗೆಲ್ಲ ಮಸಿ ಮೆತ್ತಿಕೊಂಡು ನಿಂತಿದ್ದಳು. ತಮಾಷೆ ಉರಿಯಿತು. ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಎದುರಿನ ಕೋಣೆಗೆ ಹೋದಳು. “ಇನ್ನು ನಿನ್ನ ಡಬ್ಬಿ ಮುಟ್ಟಿದ್ರೆ ಕೇಳು!”

ಮುಟ್ಟಲೂ ಇಲ್ಲ. ಹಾಡುಗಳ ಬಗ್ಗೆ ಬರೆದಳು, ಭಾಷೆ ಕಲಿಸಿದಳು, ಹೆಸರೂ ಬಂತು. ಆ ಪುಸ್ತಕ ಮಾತ್ರ ಹುಟ್ಟಲಿಲ್ಲ. ಅವನು ಎದುರಿಗೆ ಸಿಕ್ಕರೆ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದಳು. ಇಬ್ಬರೂ ನಿವೃತ್ತರಾದರು. ಹೋದ ವರ್ಷ ಅವನು ತೀರಿಕೊಂಡ. ಪತ್ರಿಕೆಯಲ್ಲಿ ಬಂದ ಪ್ರಕಟಣೆಯಲ್ಲಿ ಹಳೆಯ ಸಹೋದ್ಯೋಗಿಗಳೆಲ್ಲರ ಹೆಸರಿತ್ತು, ಅವಳದೊಂದನ್ನು ಬಿಟ್ಟು. ಅವತ್ತು ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಬಂದವಳು ಮತ್ತೆ ಒಳಗೆ ಹೋಗಿ ಕೂತಳು. ಯಾವ ಮುಖ ಹೊತ್ತುಕೊಂಡು ಹೋಗುವುದು?

ಈಗ ಕೇಂದ್ರದ ಮುಖ್ಯಸ್ಥನಾಗಿರುವ ಅವಳ ಶಿಷ್ಯ ಫೋನು ಮಾಡಿದ. “ಕಟ್ಟಡ ಖಾಲಿ ಮಾಡ್ತಿದ್ದೀವಿ ಮೇಡಂ. ಸರ್ ಡಬ್ಬಿಗಳೆಲ್ಲ ಕಂಪ್ಯೂಟರಿಗೆ ಏರಿಸಿ ಆಯ್ತು. ನಾಳೆ ರದ್ದಿಯವರು ಬರ್ತಾರೆ. ಒಂದು ಸಲ ನೋಡ್ತೀರೇನೋ ಅಂತ…”

“ಬೆನ್ನಿನ ಕಡೆಯೂ ಏರಿಸಿದ್ದೀರಾ?”

“ಅಂಟಿಸಿರೋದು ಹೇಗೆ ಮೇಡಂ ಬರುತ್ತೆ?”

ಹೌದಲ್ಲ, ಹೇಗೆ ಬರುತ್ತದೆ! ಹಳೆಯ ಸಿಟ್ಟು ಹೊಸದಾಗಿ ಹೊತ್ತಿಕೊಂಡಿತು. ಆದರೂ ಹೋದಳು. ಮೊಣಕಾಲು ಶಪಿಸುತ್ತಿದ್ದರೂ ಮೂರು ಮಹಡಿ ಹತ್ತಿದಳು. ಬಾಗಿಲು ತೆಗೆದೊಡನೆ ಅದೇ ಹುಳಿ ವಾಸನೆ ಬಡಿಯಿತು. ಮೇಜು ಅಲ್ಲೇ ಇತ್ತು. ಅವನು ಹತ್ತಿ ನಿಲ್ಲುತ್ತಿದ್ದ ಕುರ್ಚಿಯೂ.

“ಸರ್ ಬಗ್ಗೆ ಹೇಳಬಾರದು ಮೇಡಂ,” ಶಿಷ್ಯ ಗೊಣಗಿದ, “ಮೊದಮೊದಲಿನ ಡಬ್ಬಿಗಳು ಚೆನ್ನಾಗಿದ್ವು. ಆಮೇಲಿನವನ್ನ ಏರಿಸೋಷ್ಟರಲ್ಲಿ ಸಾಕಾಗಿಹೋಯ್ತು. ಹಾಳೆ ಎಲ್ಲ ಪಟಪಟ ಹಾರಾಡುತ್ತೆ. ಸೋಮಾರಿತನ ನೋಡಿ, ಮೇಲಂಚಿಗೆ ಒಂದು ಗೆರೆ ಗೋಂದು ಎಳೆದು ಕೈ ತೊಳ್ಕೊಂಡಿದ್ದಾರೆ. ಕತ್ತರಿಸಿದ್ದೂ ಅಡ್ಡಾದಿಡ್ಡಿ.”

ಅವಳು ತಲೆಯೆತ್ತಿದಳು. ಅವನಿಗೆ ಸಾವಿರ ದುರ್ಗುಣಗಳಿದ್ದವು, ಒಂದೊಂದೂ ಅವಳಿಗೆ ಬಾಯಿಪಾಠ. ಆ ಪಟ್ಟಿಯಲ್ಲಿ ಸೋಮಾರಿತನ ಇರಲಿಲ್ಲ.

ಡಬ್ಬಿಯಿಂದ ಒಂದು ರಟ್ಟು ತೆಗೆದಳು. ಭಾಷಣದ ಕೊನೆಯ ಸಾಲುಗಳೇ ಇಲ್ಲ. ಕತ್ತರಿ ನಡುವೆಯೇ ಹಾದುಹೋಗಿತ್ತು. ಹೋದ ಸಾಲುಗಳನ್ನು ಅವನು ಕೆಳಗೆ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ, ಆ ಇರುವೆ ಅಕ್ಷರಗಳಲ್ಲಿ. ಹಾಳೆಯನ್ನು ಕೆಳಗಿನಿಂದ ಹಿಡಿದು ಎತ್ತಿದಳು. ಹಿಂದೆ ಒಂದು ಶೋಕಪ್ರಕಟಣೆ. ಕಪ್ಪು ಚೌಕಟ್ಟಿನ ಒಂದು ಗೆರೆಯೂ ಕಡಿಯದ ಹಾಗೆ, ಇಡಿಯಾಗಿ.

ಇನ್ನೊಂದು ಎತ್ತಿದಳು. ಮತ್ತೊಂದು. ಎಲ್ಲ ಭಾಷಣವೂ ಹರಕು, ಎಲ್ಲ ಪ್ರಕಟಣೆಯೂ ಇಡಿ. ಅವಳು ಕುರ್ಚಿ ಹೊತ್ತುಕೊಂಡು ಹೋದ ಮಾರನೆಯ ದಿನದಿಂದ ಮುಖಪುಟ ತನ್ನ ಮಂತ್ರಿಗಳನ್ನು ಕತ್ತರಿಸಿ ಅವಳ ಸತ್ತವರನ್ನು ಉಳಿಸಿದ್ದ. ಎದುರಿನ ಕೋಣೆಯಲ್ಲಿ ಅವಳ ಪುಸ್ತಕ ಇಷ್ಟು ವರ್ಷವೂ ಸಿದ್ಧವಾಗಿ ಕೂತಿತ್ತು. ಅವಳು ಗಡಿಯಾರ ನೋಡುತ್ತಿದ್ದಳು.

“ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತೇನೋ ಪಾಪಿ!” ಎಂದಳು ಜೋರಾಗಿ, ಅವನ ಕುರ್ಚಿಯ ಕಡೆ ತಿರುಗಿ. ಶಿಷ್ಯ ಗಾಬರಿಯಾಗಿ ನೀರು ತಂದ.

“ನೀರು ಬೇಡ. ರದ್ದಿಯವರಿಗೆ ಫೋನ್ ಮಾಡಿ ಬರಬೇಡಿ ಅನ್ನು. ಒಂದು ಡಬ್ಬಿ ಆಚೆ ಹೋದ್ರೂ ನಿನ್ನ ಗ್ರಹಚಾರ ಬಿಡಿಸ್ತೀನಿ.” ಶಿಷ್ಯ ಫೋನಿನಲ್ಲಿ ಹೇಳಿ ಮುಗಿಸುವವರೆಗೂ ಕದಲಲಿಲ್ಲ. ಆಮೇಲೆ ಒಂದು ರಟ್ಟು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.

ಮುಖಪುಟದ ಮನೆಯ ಬಾಗಿಲು ತೆಗೆದವಳು ಅವನ ಹೆಂಡತಿ. ಅವಳನ್ನು ನೋಡಿದಳು, ಕಂಕುಳಿನ ರಟ್ಟನ್ನು ನೋಡಿದಳು.

“ಅಂತೂ ಎತ್ತಿ ನೋಡಿದ್ರಿ” ಎಂದಳು.

“ಹೇಳಲಿಲ್ಲವಲ್ರೀ ಅವನು!”

“ನಾನೂ ಬಡ್ಕೊಂಡೆ, ಹೋಗಿ ಹೇಳಿ ಅಂತ. ‘ಹೇಳಿದ್ರೆ ತಪ್ಪೊಪ್ಪಿಕೊಂಡ ಹಾಗಾಗುತ್ತೆ, ಬೇಕಾದ್ರೆ ಅವಳೇ ನೋಡಲಿ’ ಅನ್ನೋರು. ಪ್ರತಿ ಸಂಜೆ ಬಂದು, ‘ಇವತ್ತೂ ನೋಡಲಿಲ್ಲ ಕಣೇ’ ಅನ್ನೋರು. ಹಟದಲ್ಲಿ ಇಬ್ಬರೂ ಇಬ್ಬರೇ. ಪ್ರಕಟಣೆಗೆ ನಿಮ್ಮ ಹೆಸರು ಕೇಳೋಣ ಅಂತ ನನಗೂ ಅನ್ನಿಸ್ತು. ಧೈರ್ಯ ಬರಲಿಲ್ಲ. ಬನ್ನಿ ಒಳಗೆ.”

ಅವಳಿಗೆ ಶೋಕ ಹೇಳುವ ಮಾತು ಅರಬ್ಬಿಯಲ್ಲಿ ಎಷ್ಟೋ ಬಗೆಯಲ್ಲಿ ಗೊತ್ತಿತ್ತು. “ನಾನು ಅವತ್ತೇ ಬರಬೇಕಿತ್ತು” ಎಂದಷ್ಟೇ ಹೇಳಿ ಅತ್ತುಬಿಟ್ಟಳು.

ಒಳಗಿನಿಂದ ಬಂದ ಪುಟ್ಟ ಮೊಮ್ಮಗಳು ಈ ಅಪರಿಚಿತ ಅಳುವನ್ನು ಬೆರಗಿನಿಂದ ನೋಡಿತು. “ಅಜ್ಜಿ, ಇವರು ತಾತಂಗೆ ಏನಾಗಬೇಕು?”

ಬೀಗರು, ಷಡ್ಡಕ, ಸೋದರಮಾವ, ಚಿಕ್ಕಪ್ಪ… ಎರಡು ಭಾಷೆಯ ನೆಂಟಸ್ತಿಕೆಯನ್ನು ಅರೆದು ಕುಡಿದವಳು ತಡಕಾಡಿದಳು. ಒಂದು ಪದವೂ ಸಿಗಲಿಲ್ಲ.

“ಇವರಾ?” ಎಂದಳು ಅವನ ಹೆಂಡತಿ, ಚಹಾಕ್ಕೆ ನೀರಿಡಲು ಏಳುತ್ತಾ. “ಇವರು ತಾತಂಗೆ ಬೆನ್ನುಪುಟ ಆಗಬೇಕು.”