ಎಡಗೈ ಹೆಬ್ಬೆರಳಿನ ಮಸಿ

ಅಪ್ಪನ ಎಡಗೈ ಹೆಬ್ಬೆರಳಿಗೆ ಮಸಿ ಮೆತ್ತಿತ್ತು. ಹೆಣಕ್ಕೆ ಸ್ನಾನ ಮಾಡಿಸುವಾಗ ಅದನ್ನು ಮೊದಲು ಕಂಡವಳು ಅಕ್ಕ ಕಲ್ಲಮ್ಮ. ಸೀಗೆಪುಡಿ ಹಾಕಿ ಉಜ್ಜಿದಳು. ತೆಂಗಿನ ನಾರು ತಗೊಂಡು ಉಜ್ಜಿದಳು. ಉಗುರಿನ ಸಂದಿಯಲ್ಲಿ ಕಡು ನೇರಳೆ ಗೆರೆ ಹಾಗೇ ಉಳಿಯಿತು.

"ಇದೇನು ಅಣ್ಣಾ?"

ಅಣ್ಣ ಮಲ್ಲಿಕಾರ್ಜುನಪ್ಪ ಬಾಗಿಲಲ್ಲಿ ನಿಂತು ಬಿದಿರು ತಂದವರ ಮೇಲೆ ಜೋರು ಮಾಡುತ್ತಿದ್ದ. ತಿರುಗಿಯೂ ನೋಡದೆ, "ನೇರಳೆ ಹಣ್ಣು ಗಿಣ್ಣು ತಿಂದಿರ್ಬೇಕು, ಬಿಡತ್ಲಾಗೆ" ಎಂದ.

"ಮಾಘದಾಗೆ ಯಾವ ಮರದಾಗೆ ಬಿಟ್ಟಿತ್ತು ನೇರಳೆ ಹಣ್ಣು? ಮೂರು ದಿನದಿಂದ ಗುಟುಕು ನೀರು ಇಳಿದಿರ್ಲಿಲ್ಲ ಅಪ್ಪಂಗೆ. ಹಣ್ಣು ತಿಂದ್ರಂತೆ!"

ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ಇದ್ದೆ. ತರೀಕೆರೆಯ ಮಿಡ್ಲ್‌ಸ್ಕೂಲಿನಲ್ಲಿ ಮೇಷ್ಟ್ರು ನಾನು. ಮೊಹರು ಒತ್ತುವ ಪ್ಯಾಡಿನ ಬಣ್ಣ ನನಗೆ ಚೆನ್ನಾಗಿ ಗೊತ್ತು. ತುಟಿ ಬಿಚ್ಚಲಿಲ್ಲ.

ಗುಂಡಿಯಲ್ಲಿ ಅಪ್ಪನನ್ನು ಕೂರಿಸಿದರು. ಅಯ್ನೋರು ಅಪ್ಪನ ಕೊರಳಿನ ಲಿಂಗ ಬಿಚ್ಚಿ ಎಡಗೈ ಮೇಲಿಟ್ಟು ಬೆರಳು ಮಡಿಸಿದರು. ಹೆಬ್ಬೆರಳು ಎಲ್ಲರ ಕಣ್ಣೆದುರಿಗೆ ಬಂತು. ಅವರ ಕೈ ಒಂದು ಕ್ಷಣ ನಿಂತಿತು. ಆಮೇಲೆ ಆ ಮಸಿಯ ಮೇಲೆ ದಪ್ಪಗೆ ವಿಭೂತಿ ಬಳಿದರು. ಸುತ್ತ ನಿಂತಿದ್ದ ನಮ್ಮೂರು ಸಿಂಗಟಗೆರೆಯ ಇಡೀ ಗುಂಪು ಅದನ್ನು ನೋಡಿತು. "ಹೊತ್ತಾಯ್ತು, ಮಣ್ಣು ಎಳೀರಪ್ಪ" ಎಂದು ಯಾರೋ ಅಂದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ.

ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವಳು ಒಂದು ಪೆಟ್ಟಿಗೆ ಹಿಡಿದುಕೊಂಡು ಅಪ್ಪನ ಮನೆಗೆ ವಾಪಸು ಬಂದಳು. ಒಂಬತ್ತು ವರ್ಷ ಅಪ್ಪನಿಗೆ ಅನ್ನ ಬೇಯಿಸಿದಳು, ಅಪ್ಪ ದುಡಿದು ಕೊಂಡಿದ್ದ ತೆಂಗಿನ ತೋಟಕ್ಕೆ ಏತದ ನೀರು ತಿರುಗಿಸಿದಳು. ಕೊನೆಯ ಮೂರು ತಿಂಗಳು ಅಪ್ಪನ ಹಾಸಿಗೆಯನ್ನು ದಿನಕ್ಕೆ ಎರಡು ಸಲ ಒಗೆದಳು. ಕಡೂರಿನಲ್ಲಿ ಕಾಯಿ ಮಂಡಿ ಇಟ್ಟಿದ್ದ ಅಣ್ಣ ಆ ಒಂಬತ್ತು ವರ್ಷದಲ್ಲಿ ಬಂದದ್ದು ಹಬ್ಬಕ್ಕೊಮ್ಮೆ, ಅದೂ ಕಾಯಿ ಕೊಯ್ಲಿನ ಹೊತ್ತಿಗೆ. ಅಪ್ಪ ಸಾಯುವ ಹಿಂದಿನ ದಿನ ಬಂದವನು ಮದ್ದು ತಗೊಂಡು ಬಾ ಎಂದು ಅಕ್ಕನನ್ನು ಬೀರೂರಿಗೆ ಅಟ್ಟಿದ್ದ. ಅಪ್ಪನಿಗೆ ಆಗಲೇ ಪ್ರಜ್ಞೆ ಇರಲಿಲ್ಲ.

ಹನ್ನೊಂದನೇ ದಿನ ಜನಕ್ಕೆಲ್ಲ ಊಟ ಬಡಿಸಿಯಾದ ಮೇಲೆ ಅಣ್ಣ ನನ್ನನ್ನು ಹುಲ್ಲಿನ ಬಣವೆ ಹಿಂದೆ ಕರೆದ.

"ಅಪ್ಪ ವಿಲ್ ಮಾಡವ್ರೆ ಕಣೋ ರುದ್ರಾ. ತೋಟ ನಿನಗರ್ಧ, ನನಗರ್ಧ. ಮನೆ ನನಗೆ."

"ಅಕ್ಕಂಗೆ?"

"ವರ್ಷಕ್ಕೊಂದು ಸೀರೆ, ಇರೋ ತನಕ ಊಟ. ಕಡೂರಾಗೆ ನನ್ನ ಮನೇಲಿ ಅಡಿಗೆ ಗಿಡಿಗೆ ಮಾಡ್ಕಂಡಿರ್ತಾಳೆ. ಹೊಸ ಕಾಯಿದೆ ಬಂದೈತೆ, ಗೊತ್ತೇನೋ ಮೇಷ್ಟ್ರೇ? ಕಾಗದ ಇಲ್ದಿದ್ರೆ ಅವಳಿಗೂ ಮೂರರಲ್ಲೊಂದು ಪಾಲು."

ಕಾಗದ ಬಿಚ್ಚಿ ತೋರಿಸಿದ. ಕೆಳಗೆ ನೇರಳೆ ಬಣ್ಣದ ಹೆಬ್ಬೆಟ್ಟು. ಪಕ್ಕದಲ್ಲಿ 'ಮರುಳಪ್ಪನವರ ಎಡಗೈ ಹೆಬ್ಬೆಟ್ಟಿನ ಗುರುತು' ಎಂಬ ಬರಹ. ಅಪ್ಪ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಅಕ್ಕ ಸ್ಲೇಟು ಹಿಡಿಸಿ, ಅರವತ್ತು ದಾಟಿದ ಮುದುಕನಿಗೆ ಹೆಸರು ಬರೆಯಲು ಕಲಿಸಿದ್ದಳು. ನನಗೆ ಬರುತ್ತಿದ್ದ ಕಾರ್ಡುಗಳನ್ನು ಅಕ್ಕ ಬರೆಯುತ್ತಿದ್ದಳು, ಕೆಳಗೆ ಅಪ್ಪ ಸಹಿ ಹಾಕುತ್ತಿದ್ದ. ಬೇಲಿಗೂಟದ ಹಾಗೆ ಒಂದೊಂದು ಅಕ್ಷರ ಒಂದೊಂದು ಕಡೆ ವಾಲುತ್ತಿತ್ತು. ಅಣ್ಣನಿಗೆ ಅಪ್ಪ ಎಂದೂ ಕಾರ್ಡು ಹಾಕಿರಲಿಲ್ಲ.

ಈ ಮಾತನ್ನು ಅಲ್ಲೇ, ಬಣವೆ ಹಿಂದೆಯೇ ಹೇಳಬಹುದಿತ್ತು. ಹೇಳಲಿಲ್ಲ. ತರೀಕೆರೆಯ ಬಾಡಿಗೆ ಕೋಣೆಯಲ್ಲಿ ಕೂತು ರಷ್ಯಾದ ಬಡವರ ಕಥೆ ಓದಿ ಕಣ್ಣೀರು ಹಾಕುವ ಗಿರಾಕಿ ನಾನು. ಅರ್ಧ ತೋಟ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನಾಲಿಗೆ ಒಳಕ್ಕೆ ಹೋಯಿತು. ಒಂದು ತಿಂಗಳು ಹಾಗೇ ಇತ್ತು. ಥೂ!

ವಿಲ್ಲಿನ ರಿಜಿಸ್ಟ್ರಿಗೆ ವಾರಸುದಾರರೆಲ್ಲ ಹಾಜರಿರಬೇಕಿತ್ತು. ಆ ದಿನ ಅಣ್ಣ, ಖಾತೆ ಬದಲಾವಣೆಗೆ ಒಂದು ಹೆಬ್ಬೆಟ್ಟು ಬೇಕು ಅಂತ ಸುಳ್ಳು ಹೇಳಿ ಅಕ್ಕನನ್ನೂ ಕಡೂರಿಗೆ ಕರೆಸಿದ್ದ. ಸಬ್‌ರಿಜಿಸ್ಟ್ರಾರರ ಮುಂದೆ ಗುಮಾಸ್ತೆ ವಿಲ್ಲನ್ನು ಗಟ್ಟಿಯಾಗಿ ಓದಿದ. ವರ್ಷಕ್ಕೊಂದು ಸೀರೆ ಅನ್ನುವಲ್ಲಿಗೆ ಬಂದಾಗ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

ಸಾಕ್ಷಿ ಹಾಕಿದ್ದವರಲ್ಲಿ ಒಬ್ಬ ಅಣ್ಣನ ಮಂಡಿಯ ಆಳು. ಇನ್ನೊಬ್ಬ ನಮ್ಮ ಪಕ್ಕದ ಮನೆಯ ಈರಭದ್ರಪ್ಪ. ಅಪ್ಪ ಸಹಿ ಹಾಕಿದ್ದ ಕಾಗದ ಒಂದೂ ಅಕ್ಕನ ಹತ್ತಿರ ಇರಲಿಲ್ಲ. ಅವಳು ಅವನ ಕಡೆ ತಿರುಗಿದಳು.

"ಮಾವ, ಅಪ್ಪ ಜ್ಞಾನ ಇದ್ದಾಗ ಇದನ್ನ ಒತ್ತಿದ್ರಾ?"

"ಹೂಂ ಕಣವ್ವಾ. ನನ್ನ ಕಣ್ಣೆದುರಿಗೇ."

"ಹಂಗಾದ್ರೆ ಎಡಗೈ ಮೇಲೆ ಲಿಂಗ ಇಟ್ಕಂಡು ಹೇಳು. ಅಪ್ಪನ ಕೈಲಿ ಇಟ್ರಲ್ಲ, ಹಂಗೆ."

ಈರಭದ್ರಪ್ಪ ಅಣ್ಣನ ಮುಖ ನೋಡಿದ. ಕೊರಳಿನ ಕರಡಿಗೆ ಬಿಚ್ಚಿ ಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡ. "ಮರುಳಪ್ಪ ಜ್ಞಾನದಾಗೇ ಒತ್ತಿದ್ದು" ಎಂದ. ಕೈ ಒಂದಿಷ್ಟೂ ನಡುಗಲಿಲ್ಲ. ಕೈ ನಡುಗುತ್ತದೆ ಅಂತ ಅಕ್ಕ ನಂಬಿದ್ದಳು. ಅವಳ ಮುಖದಿಂದ ರಕ್ತ ಇಳಿದು ಹೋದದ್ದನ್ನು ನಾನು ನೋಡಿದೆ.

"ನೀವು ಕಿರಿಮಗನೇನ್ರಿ? ನಿಮ್ಮದೇನಾದರೂ ಆಕ್ಷೇಪಣೆ?" ಸಬ್‌ರಿಜಿಸ್ಟ್ರಾರರು ಕೇಳಿದರು.

ಜೇಬಿನಲ್ಲಿ ಆರು ಕಾರ್ಡು ಇದ್ದವು. ಬೆಳಿಗ್ಗೆ ಹೊರಡುವಾಗ ಯಾಕೆ ಇಟ್ಟುಕೊಂಡೆನೋ ನನಗೇ ಗೊತ್ತಿರಲಿಲ್ಲ. ಮೇಜಿನ ಮೇಲೆ ಹಾಕಿದೆ.

"ನಮ್ಮಪ್ಪನಿಗೆ ಸಹಿ ಬರ್ತಿತ್ತು ಸ್ವಾಮಿ. ಆ ಹೆಬ್ಬೆಟ್ಟು ಜ್ಞಾನ ತಪ್ಪಿದ ಮೇಲೆ ಒತ್ತಿಸಿದ್ದು. ಮಣ್ಣು ಮಾಡುವಾಗ ಮಸಿ ನೋಡಿದ್ದೀನಿ."

ಅಣ್ಣ ಒಂದು ಕಾರ್ಡು ಕಿತ್ತುಕೊಂಡು ನೋಡಿದ. ಕುಂಟು ಅಕ್ಷರಗಳು. "ಇದು ಯಾವಾಗ ಕಲ್ತರು ಅಪ್ಪ?" ಅವನ ದನಿಯಲ್ಲಿ ನಿಜವಾಗಿಯೂ ಆಶ್ಚರ್ಯವಿತ್ತು.

"ಮನೆಗೆ ಬಂದಿದ್ರೆ ಗೊತ್ತಾಗ್ತಿತ್ತು" ಎಂದಳು ಅಕ್ಕ.

ಸಬ್‌ರಿಜಿಸ್ಟ್ರಾರರು ಕಾರ್ಡುಗಳನ್ನು ಒಂದೊಂದಾಗಿ ತಿರುವಿದರು. ಇದು ತಮ್ಮ ಮೇಜಿನಲ್ಲಿ ತೀರುವ ವ್ಯಾಜ್ಯವಲ್ಲ, ಕೋರ್ಟಿಗೇ ಹೋಗಬೇಕಾದೀತು, ಆಕ್ಷೇಪಣೆ ಬರೆದುಕೊಟ್ಟರೆ ಸದ್ಯಕ್ಕೆ ರಿಜಿಸ್ಟ್ರಿ ನಿಲ್ಲಿಸುತ್ತೇನೆ ಎಂದರು. ಗುಮಾಸ್ತೆಯೇ ಬರೆದ. ಬರೆದು ಮುಗಿಸಿ, ಕೇಳದೆಯೇ ಮಸಿಪ್ಯಾಡನ್ನು ಅಕ್ಕನ ಕಡೆ ತಳ್ಳಿದ. ಅಕ್ಕ ಅದನ್ನು ಅಷ್ಟೇ ಜೋರಾಗಿ ವಾಪಸು ತಳ್ಳಿ, ಅವನ ಕೈಯಿಂದ ಲೇಖನಿ ಕಸಿದುಕೊಂಡಳು.

ಹೊರಗೆ ಹುಣಸೆ ಮರದ ಕೆಳಗೆ ಅಣ್ಣ ನನ್ನ ಅಂಗಿ ಹಿಡಿದ. "ಬುಕ್ಕು ಓದಿ ತಲೆ ಕೆಟ್ಟೈತೇನ್ಲಾ? ಅರ್ಧ ಇದ್ದಿದ್ದು ಮೂರರಲ್ಲೊಂದು ಮಾಡ್ಕಂಡ್ಯಲ್ಲೋ, ಮುಠ್ಠಾಳ!"

"ಬಿಡೋ ಕೈ" ಎಂದೆ. ಅವನು ಉಗಿದು ಹೋದ.

ಅಕ್ಕನ ಜೊತೆ ಬಸ್ಸಿನವರೆಗೆ ನಡೆದೆ. ಏನಾದರೂ ಒಳ್ಳೆಯ ಮಾತು ಆಡುತ್ತಾಳೆ ಎಂದು ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಅವಳು ತಿರುಗಿದಳು.

"ಮಣ್ಣು ಮಾಡೋ ದಿವ್ಸ ನೋಡಿದ್ದೆ ಅಂದ್ಯಲ್ಲ ಒಳಗೆ?"

"ಹೂಂ."

"ನಾನೊಬ್ಬಳೇ ನಾರು ಹಿಡ್ಕಂಡು ಉಜ್ಜುತಾ ಕೂತಿದ್ದೆ. ಅವತ್ತು ಎಲ್ಲಿಟ್ಟಿದ್ದೆಯೋ ನಿನ್ನ ಬಾಯಿ?"

ಉತ್ತರಕ್ಕೆ ಕಾಯದೆ ಹತ್ತಿದಳು. ಕಿಟಕಿ ಪಕ್ಕ ಕೂತು ಚೀಲವನ್ನು ತನ್ನ ಪಕ್ಕದ ಖಾಲಿ ಸೀಟಿನ ಮೇಲಿಟ್ಟಳು.