ಮಾತಾಡಿಸಲು ಬಂದವರು

"ಕಣ್ಣಾರೆ ನೋಡಿದೆನಪ್ಪಾ. ಇಂಡಿ ಬಸ್ ಸ್ಟ್ಯಾಂಡಿನ್ಯಾಗ ನಿಂತಿದ್ದಿ. ನಿನ್ನ ತಲಿನೂ ನೋಡಿದೆ. ಇಳದು ಬರೂಣಂದ್ರ ಬಸ್ಸ ಬಿಟ್ಟಿತ್ತು."

ಫೋನಿನ ಆ ಕಡೆ ಗೊಳಸಂಗಿಯ ಸಿದ್ಧರಾಮ. ಈ ಕಡೆ ಮುತ್ತುರಾಜನ ಕೈ ತಾನಾಗಿ ತಲೆಗೆ ಹೋಯಿತು. ಸಿದ್ಧರಾಮನ ಮಗಳು ಭಾಗ್ಯಾಳ ಜೊತೆ ಅವನ ನಿಶ್ಚಯ ಆದ ದಿನ ಆ ತಲೆಯ ಮೇಲೆ ಕೂದಲಿತ್ತು. ಅರ್ಧ ಸ್ವಂತದ್ದು, ಅರ್ಧ ಡಬ್ಬಿಯಿಂದ ಉದುರಿಸಿಕೊಂಡ ಕರಿ ಪುಡಿ. ನಿನ್ನೆ ಗೆಳೆಯ ಅಶ್ಫಾಕನ ಸಲೂನಿನಲ್ಲಿ ಕೂತು ಎರಡನ್ನೂ ಬಿಟ್ಟುಕೊಟ್ಟು ಬಂದಿದ್ದ.

"ಹಿಂಗಾಗೇತಿ ಅಂತ ನಮಗೊಂದ ಮಾತ ಹೇಳಬಾರದೇನು?"

"ಹೇಳಬೇಕಂತಿದ್ದೆರಿ ಮಾಮಾ. ಧೈರ್ಯ ಸಾಲಲಿಲ್ಲ."

"ಮೊದಲಿಂದ ಇತ್ತೇನು ತ್ರಾಸ?"

"ನಾ ಕಾಲೇಜಿನ್ಯಾಗ ಇದ್ದಾಗಿಂದರಿ. ಗುಳಿಗಿ, ಎಣ್ಣಿ ಎಲ್ಲಾ ನೋಡಿದ್ವಿ. ವಿಜಯಪುರಕ್ಕ ಹೋಗಿ ಸೂಜಿನೂ ಹಾಕಿಸಿದ್ವಿ."

"ಡಾಕ್ಟರೇನಂದ್ರು?"

"ಉಳಿಯೋದು ಕಠಿಣ ಐತಿ, ಆಪರೇಶನ್ ಮಾಡಿಸಿ ನೋಡ್ರಿ ಅಂದ್ರು. ನಾನ ಬ್ಯಾಡಂದೆ."

"ನೀನ ಬ್ಯಾಡಂದಿ?"

"ಮಾಡಿಸಿದ್ರೂ ಎಷ್ಟ ದಿನದ್ದರಿ? ದಿನಾ ಬೆಳಗಾದ್ರ ಹೋತೋ ಇತ್ತೋ ಅಂತ ನೋಡೋದಕ್ಕಿಂತ ಒಮ್ಮೆ ಹೋಗೋದ ಛಲೋ ಅನಸ್ತು. ಈಗ ಹಗುರ ಆಗೇತಿ ನೋಡ್ರಿ."

ಫೋನ್ ಕಟ್ಟಾಯಿತೇನೋ ಎಂದು ಮುತ್ತುರಾಜ ಒಮ್ಮೆ ಪರದೆ ನೋಡಿದ. ಆಗಿರಲಿಲ್ಲ.

"ಅವ್ವ ಹೆಂಗದಾಳ?" ಸಿದ್ಧರಾಮನ ದನಿ ಗಡುಸಾಗಿತ್ತು.

"ನಿನ್ನಿಯಿಂದ ಅಳಾಕತ್ತಾಳ್ರಿ."

"ನಾಳೆ ಮಾತಾಡ್ಸಾಕ ಬರ್ತೇವಿ. ಭಾಗ್ಯಾನೂ ಬರ್ತಾಳ," ಎಂದು ಹೇಳಿ ಸಿದ್ಧರಾಮ ಫೋನ್ ಇಟ್ಟ.

ಮುಗಿಯಿತು ಎಂದುಕೊಂಡ ಮುತ್ತುರಾಜ. ಹುಡುಗಿಯನ್ನೇ ಕರೆದುಕೊಂಡು ಬರುತ್ತಾರೆಂದರೆ ಅವಳಿಗೆ ತಲೆ ತೋರಿಸಿ, ಬೇಡವೆನ್ನಿಸಿ ಹೋಗಲಿಕ್ಕೇ.

ಇಂಡಿಯ ಕಾಲೇಜಿನಲ್ಲಿ ಅವನು ಅತಿಥಿ ಉಪನ್ಯಾಸಕ. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಕಂಡಕ್ಟರನ ಸೀಟಿಯವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ತಲೆಯ ನಡುವೆ ಬಯಲು ಬೀಳತೊಡಗಿದಾಗ, "ನಮ್ಮದು ಮಿಡಲ್ ಕ್ಲಾಸ್ರಿ, ಮಿಡಲ್‌ನ್ಯಾಗ ಏನೂ ಉಳಿಯಂಗಿಲ್ಲ" ಎಂದು ಹುಡುಗರು ನಗುವ ಮೊದಲೇ ತಾನು ನಗಿಸಿದ್ದ. ವಿಜಯಪುರದ ಡಾಕ್ಟರರ ಮೂಗಿನ ದನಿಯಲ್ಲಿ, "ಟೆನ್ಶನ್ ತಗೋಬ್ಯಾಡ್ರಿ, ಟೆನ್ಶನ್ ತಗೊಂಡ್ರ ಇದ್ದೂವೂ ಹೋಗ್ತಾವ" ಎಂದು ಸ್ಟಾಫ್ ರೂಮನ್ನೇ ನಗಿಸಿ ಉರುಳಾಡಿಸಿದ್ದ. ಮನೆಗೆ ಬಂದು ಮಾತ್ರ ದಿಂಬಿನ ಮೇಲಿನ ಕೂದಲನ್ನು ಆರಿಸಿ, ಅವ್ವನಿಗೆ ಕಾಣದಂತೆ ಕಿಟಕಿಯಾಚೆ ಊದುತ್ತಿದ್ದ.

ಅವ್ವ ಯಲ್ಲವ್ವ ಉಳ್ಳಾಗಡ್ಡಿ ರಸ ತಿಕ್ಕಿದಳು. ತಲೆ ಭಜಿ ಅಂಗಡಿಯ ವಾಸನೆ ಹೊಡೆಯಿತೇ ಹೊರತು ಏನೂ ಬೆಳೆಯಲಿಲ್ಲ. ಡಾಕ್ಟರು ಗುಳಿಗೆ ಕೊಟ್ಟರು. ಅದರ ಚೀಟಿಯಲ್ಲಿ ಗಂಡಸುತನದ ಬಗ್ಗೆ ಸಣ್ಣಕ್ಷರದ ಒಂದು ಸಾಲು ಓದಿದ ಮೇಲೆ, ಮದುವೆ ಗಟ್ಟಿಯಾದ ಹುಡುಗನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅವನ ರಕ್ತವನ್ನೇ ತೆಗೆದು ಅವನ ತಲೆಗೇ ಚುಚ್ಚಿದರು. ಕೊನೆಗೆ ಸೋಲಾಪುರದ ಆಪರೇಶನ್: ಹಿಂದಲೆಯ ಕೂದಲು ಕಿತ್ತು ಮುಂದಲೆಗೆ ನೆಡುವುದು. "ಹಿತ್ತಲದ್ದ ಕಿತ್ತು ಅಂಗಳಕ್ಕ ಹಚ್ಚಿದ್ರ, ನಾಳೆ ಹಿತ್ತಲಕ್ಕೇನ ಹಚ್ಚತೀಯಲೇ?" ಎಂದು ಅಶ್ಫಾಕ ಕೇಳಿದ್ದೇ ತಡ, ಮುತ್ತುರಾಜ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದ. ಮದುವೆಗೆ ಮೊದಲು ಭಾಗ್ಯಾ ಇದ್ದದ್ದನ್ನು ಇದ್ದ ಹಾಗೆ ನೋಡಲಿ ಎಂಬುದು ಅವನ ಮನಸ್ಸಿನಲ್ಲಿತ್ತು. ಅದನ್ನು ಬಾಯಿಂದ ಹೇಳುವುದೊಂದೇ ಬಾಕಿ.

ಬೋಳಿಸಿಕೊಂಡ ಮೇಲೆ ಜನ ಯಾಕೋ ಮೆತ್ತಗಾಗಿದ್ದರು. ಮನೆಗೆ ಬರುವಾಗ ಝಳಕಿಯ ಬಸ್ಸಿನಲ್ಲಿ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟು, "ಕುಂಡ್ರಪ್ಪಾ, ಎಲ್ಲಾರಿಗೂ ಬರೋದ ಐತಿ" ಎಂದಳು. ಹೆಂಗಸರಿಗೂ ಬರುತ್ತದೆಯೇ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದ. ಮನೆಯಲ್ಲಿ ಯಲ್ಲವ್ವ ಅವನನ್ನು ಕಂಡದ್ದೇ ಕೈಯಲ್ಲಿದ್ದ ಮೊರ ಬಿಟ್ಟಿದ್ದಳು. ಸೆರಗು ಬಾಯಿಗೊತ್ತಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಅಪ್ಪ ಅಪ್ಪಾಸಾಬ ತನ್ನ ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು ಎಮ್ಮೆ ಕಟ್ಟಲು ಎದ್ದುಹೋಗಿದ್ದ.

ಮರುದಿನ ಗೊಳಸಂಗಿಯವರು ಟಂಟಂ ಇಳಿದು ಓಣಿಯ ತಿರುವಿಗೆ ಬರುತ್ತಲೇ ಭಾಗ್ಯಾಳ ತಾಯಿ ಯಶೋಧಾ ದನಿ ತೆಗೆದಳು. ಅಳುತ್ತಲೇ ಹೊಸ್ತಿಲು ದಾಟಿ ಯಲ್ಲವ್ವನ ಕೊರಳಿಗೆ ಬಿದ್ದಳು. ಇವರು ಕೂದಲಿನ ಮಾತಿಗೆ ಬರುತ್ತಾರೆಂದು ಮಗ ಮೊದಲೇ ಹೇಳಿದ್ದ. ಇಷ್ಟು ಕರುಳಿನವರೆಂದು ಯಲ್ಲವ್ವನಿಗೆ ಗೊತ್ತಿರಲಿಲ್ಲ. ಅವಳ ಕಟ್ಟೆಯೂ ಒಡೆಯಿತು.

"ಇದ್ದಕ್ಕಿದ್ದಂಗ ಹಿಂಗಾತಲ್ಲ ಯಕ್ಕಾ."

"ಏನ ಮಾಡ್ಲೆವ್ವಾ, ಎಷ್ಟ ಎಣ್ಣಿ ತಿಕ್ಕಿದೆ, ನಿಲ್ಲಲೇ ಇಲ್ಲ."

"ಹೋಗೂ ವಯಸ್ಸಲ್ಲಲ್ಲ."

"ಅಲ್ಲವ್ವಾ. ಇನ್ನೂ ಮದುವಿನ ಆಗಿಲ್ಲ."

ಯಶೋಧಾಳ ಅಳು ನಡುವೆಯೇ ನಿಂತಿತು. ಮುಖ ಹಿಂದಕ್ಕೆ ತೆಗೆದು ನೋಡಿದಳು. ಯಲ್ಲವ್ವನ ಹಣೆಯಲ್ಲಿ ಕುಂಕುಮ ಹಾಗೇ ಇತ್ತು. ಕೈತುಂಬ ಹಸಿರು ಬಳೆ.

ಆಗ ಹಿತ್ತಲ ಬಾಗಿಲಿನಿಂದ, ಹಾಲಿನ ಚರಗಿ ಹಿಡಿದು ಅಪ್ಪಾಸಾಬ ಒಳಗೆ ಬಂದ.

"ಬರ್ರಿ ಬೀಗರ," ಎಂದ. ಅಳುಮುಖಗಳನ್ನು ನೋಡಿ ದನಿ ತಗ್ಗಿಸಿದ. "ಯಾರ ಹೋದ್ರು?"

ಮಂಚದ ತುದಿಯಲ್ಲಿ ಕೂತಿದ್ದ ಸಿದ್ಧರಾಮ ಎದ್ದು ನಿಂತ, ಮತ್ತೆ ಕೂತ.

"ನೀವು... ಅದೀರೇನು?"

"ಅದೇನಿ. ಯಾಕ, ಇರಬಾರದಿತ್ತೇನು?"

"ಮತ್ತ ಆಪರೇಶನ್ ಬ್ಯಾಡಂದೆ ಅಂದ ಇವ," ಸಿದ್ಧರಾಮ ಮುತ್ತುರಾಜನ ಕಡೆ ಬೆರಳು ತೋರಿಸಿದ. "ಒಮ್ಮೆ ಹೋಗೋದ ಛಲೋ ಅಂದ. ಹಗುರಾತಂದ. ಇಂಥಾವನ ಕೈಯಾಗ ಮಗಳನ್ನ ಹೆಂಗ ಕೊಡ್ಲಿ ಅಂತ ರಾತ್ರಿಯೆಲ್ಲಾ ನಿದ್ದಿಲ್ಲ ನನಗ."

"ತಲೀದರಿ ಮಾಮಾ. ಕೂದಲದ ಆಪರೇಶನ್."

ಯಾರೂ ನಗಲಿಲ್ಲ. ಯಲ್ಲವ್ವ ಗೋಡೆ ಹಿಡಿದು ಕೆಳಗೆ ಕೂತಳು. ಬಾಯಿಗೆ ಬಂದು ಬಂದು ನುಂಗಿದ್ದ ಮಾತು ಈಗ ಹೊರಬಿತ್ತು. "ಅಪ್ಪ ಜೀವಂತ ಇದ್ದಾಗ ಹಿಂಗ ತಲಿ ಬೋಳಸ್ಕೋತಾರೇನೋ?"

ಅವಳು ಅತ್ತದ್ದು ಕೂದಲಿಗಲ್ಲ. ಮುತ್ತುರಾಜ ಅಪ್ಪನ ಕಡೆ ನೋಡಿದ. ಅಪ್ಪಾಸಾಬ ಚರಗಿಯ ಹಾಲಿನ ನೊರೆ ನೋಡುತ್ತ ನಿಂತಿದ್ದ. ಮಗನ ಬೋಳು ತಲೆ ಏನು ಹೇಳುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಊರಿನವರ ದನಿಗಳನ್ನೆಲ್ಲ ಗಂಟಲಲ್ಲಿಟ್ಟುಕೊಂಡಿದ್ದ ಮುತ್ತುರಾಜ ಗೂಟದ ಮೇಲಿನ ಟಾವೆಲ್ ಎಳೆದು ತಲೆಯ ಮೇಲೆ ಹಾಕಿಕೊಂಡ.

"ಹಂಗಾದ್ರ," ಸಿದ್ಧರಾಮ ನಿಧಾನಕ್ಕೆ ಕೇಳಿದ, "ಕೂದಲ ಹೊಳ್ಳಿ ಬರಂಗಿಲ್ಲೇನು?"

"ಇಲ್ಲರಿ."

ಹೋದರು ಎಂದುಕೊಂಡವರು ಎದುರಿಗೇ ಇದ್ದರು; ಬರುತ್ತವೆ ಎಂದುಕೊಂಡವು ಬರುವುದಿಲ್ಲ. ಎರಡನ್ನೂ ಒಟ್ಟಿಗೇ ಒಳಗೆ ತೆಗೆದುಕೊಳ್ಳಲು ಸಿದ್ಧರಾಮನಿಗೆ ಆಗಲಿಲ್ಲ. ಎದ್ದು ನಿಂತ. "ವಿಚಾರ ಮಾಡಿ ಹೇಳಿ ಕಳಸ್ತೇವ್ರಿ ಬೀಗರ. ನಡಿ ಭಾಗ್ಯಾ."

ಆ ಮಾತಿನ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದ ಭಾಗ್ಯಾ ಏಳಲಿಲ್ಲ. ಅವಳ ಮುಂದೆ ಬುತ್ತಿಯ ಗಂಟಿತ್ತು. ಮಾತಾಡಿಸಲು ಹೋಗುವ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಕಟ್ಟಿಕೊಂಡು ಬಂದದ್ದು.

"ಬುತ್ತಿ ಹೊಳ್ಳಿ ಒಯ್ಯಬಾರದಲ್ಲಪಾ," ಎಂದಳು.

"ಅದು ಸತ್ತವರ ಮನಿಗಿ."

"ತಂದದ್ದಂತೂ ಹಂಗ ತಂದೀವಿ."

ಅವಳು ಗಂಟು ಬಿಚ್ಚಿದಳು. ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಮುಟ್ಟಬ್ಯಾಡ್ರಿ ಅದನ್ನ," ಎಂದು ಯಲ್ಲವ್ವ ಗಂಡನಿಗೆ ಅನ್ನುವಷ್ಟರಲ್ಲಿ ಅಪ್ಪಾಸಾಬ ಚರಗಿ ಕೆಳಗಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಹೆಸರಿನ ರೊಟ್ಟಿ ಮುರಿದಿದ್ದ.

"ಹಿಂಡಿ ಯಾರ ಮಾಡಿದ್ದವಾ?"

"ನಾನರಿ."

"ಖಾರ ಐತಿ," ಎಂದ. ಇನ್ನೊಂದು ತುತ್ತು ತಿಂದ.

ಸಿದ್ಧರಾಮ ಹೊರಡಲು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲೇ ನಿಂತಿದ್ದ. ಭಾಗ್ಯಾ ತಾಟಿನಲ್ಲಿ ರೊಟ್ಟಿ ಇಟ್ಟು ಮುತ್ತುರಾಜನ ಮುಂದೆ ಸರಿಸಿದಳು.

"ಟಾವೆಲ್ ತಗೀರಿ," ಎಂದಳು, ತಾಟು ನೋಡುತ್ತಲೇ. "ಸೆಕಿ ಐತಿ."

ಅವನು ತೆಗೆದ. ಮೇಲೆ ಫ್ಯಾನು ತಿರುಗುತ್ತಿತ್ತು. ಸಿದ್ಧರಾಮ ಒಂದು ಕಾಲಿನ ಚಪ್ಪಲಿ ಬಿಟ್ಟ; ಇನ್ನೊಂದು ಕಾಲಿನದು ಹಾಗೇ ಇತ್ತು.