ಗಂಡ ಹೆಂಡತಿಗೆ ಮಾತ್ರ ರೂಮು

ನಮ್ಮ ಲಾಡ್ಜಿನಲ್ಲಿ ಗಂಡ ಹೆಂಡತಿ ಅಲ್ಲದ ಜೋಡಿಗೆ ರೂಮಿಲ್ಲ. ಬೋರ್ಡು ಹಾಕಿಸಿದವರು ಮಾಲೀಕರು, ಕಾಯುವವಳು ಕೌಂಟರಿನ ನಾನು. ಮದುವೆಯ ಕಾಗದ ತೋರಿಸಿದರೆ ಸರಿ. ತರದೆ ಬಂದವರಿಗೆ ನನ್ನದೇ ಒಂದು ಪರೀಕ್ಷೆ ಇದೆ. ಹೆಂಗಸನ್ನು ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂರಿಸಿ, ಗಂಡಸನ್ನು ಹತ್ತಿರ ಕರೆದು, ನಿಮ್ಮ ಮನೆಯವರಿಗೆ ಯಾವುದನ್ನು ಕಂಡರೆ ಭಯ ಎಂದು ಕೇಳುತ್ತೇನೆ. ಆಮೇಲೆ ನಿಮಗೆ ಯಾವುದರ ಭಯ ಎಂದು ಹೆಂಗಸನ್ನೂ ಕೇಳುತ್ತೇನೆ. ಉತ್ತರ ತಾಳೆಯಾದರೆ ಕೀ, ಇಲ್ಲದಿದ್ದರೆ ಬಂದ ದಾರಿ. ಜಿರಳೆ ಎಂದು ತಟ್ಟನೆ ಹೇಳುವವನು ಗಂಡ. ಅವಳಿಗೆಂಥ ಭಯ ಎಂದು ತಲೆ ಕೆರೆದುಕೊಳ್ಳುವವನು ಬೇರೆ ಯಾರದೋ ಗಂಡ.

ಹನ್ನೊಂದು ವರ್ಷದಲ್ಲಿ ನನ್ನ ಕಣ್ಣಿಗೆ ಮಣ್ಣೆರಚಿದವರಿಲ್ಲ. ಒಬ್ಬ ಹುಡುಗಿ ಕೌಂಟರು ಹಿಡಿದುಕೊಂಡು ಅತ್ತಳು, ನಾನು ಜಗ್ಗಲಿಲ್ಲ. ನಿಜವಾದ ಗಂಡ ಹೆಂಡತಿಯನ್ನೂ ಒಂದೆರಡು ಸಲ ಆಚೆಗೆ ಕಳಿಸಿದ್ದುಂಟು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಅಷ್ಟು ಗೊತ್ತಿಲ್ಲದಿದ್ದರೆ ಅದು ನನ್ನ ತಪ್ಪೇ?

ಆ ಮಂಗಳವಾರ ಮಧ್ಯಾಹ್ನ ಗಾಜಿನ ಬಾಗಿಲು ತಳ್ಳಿಕೊಂಡು ನನ್ನ ಅಮ್ಮ ಬಂದಳು. ಊಟದ ಡಬ್ಬಿ ಮರೆತು ಬಂದಿದ್ದೆನೇನೋ ಅಂದುಕೊಂಡೆ. ಅವಳ ಹಿಂದೆಯೇ ನಮ್ಮ ಬೀದಿಯ ತುದಿಯಲ್ಲಿ ಅಂಗಡಿ ಇಟ್ಟಿರುವ ವಾಚ್ ರಿಪೇರಿಯವರು ಬಂದರು. ಹೆಂಡತಿ ತೀರಿಕೊಂಡಿರುವ, ಸಾಧು ಎಂದು ಹೆಸರಾದ ಮುದುಕರು.

"ಒಂದು ರೂಮು ಬೇಕಿತ್ತು," ಅಂದಳು ಅಮ್ಮ. "ಸಂಜೆ ತನಕ ಸಾಕು."

ಯಾರಿಗೆ ಎಂದೆ. ನಮಗೇ ಎಂದಳು. ಅಪ್ಪ ಹೋಗಿ ಒಂಬತ್ತು ವರ್ಷ. ಅಮ್ಮನಿಗೆ ಅರವತ್ತೆರಡು, ಅವಳ ಮಂಡಿಗೆ ಎಣ್ಣೆ ತಿಕ್ಕುವವಳು ನಾನು. ಛೀ, ಈ ವಯಸ್ಸಿನಲ್ಲಿ ಇದೆಂಥ ಬುದ್ಧಿ, ಮಾನ ಮರ್ಯಾದೆ ಏನೂ ಬೇಡವೇ ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ. ಒಳಗಿನ ಕೋಣೆಯಿಂದ ಮಾಲೀಕರು ಕತ್ತು ಚಾಚಿ ನೋಡಿದರು.

ಅಮ್ಮ ದನಿ ಏರಿಸಲಿಲ್ಲ. ಎರಡು ವರ್ಷದಿಂದ ಹೀಗಂತೆ. ನನ್ನ ಗಂಡನಿಗೆ ರಾತ್ರಿ ಪಾಳಿ, ಹಗಲೆಲ್ಲ ಮನೆಯಲ್ಲೇ ಬಿದ್ದಿರುತ್ತಾನೆ. ಅವರ ಮನೆಯಲ್ಲಿ ಸೊಸೆ. ಪಾರ್ಕಿನಲ್ಲಿ ಕೈ ಹಿಡಿದು ಕೂತರೆ ಕಾವಲಿನವನು ಸೀಟಿ ಊದುತ್ತಾನಂತೆ. ಮೂರು ಲಾಡ್ಜುಗಳಲ್ಲಿ ಕಾಗದ ಕೇಳಿ ಅಟ್ಟಿದ್ದರಂತೆ. ಮದುವೆಯಾಗೋಣವೆಂದರೆ ಮಕ್ಕಳು ಒಪ್ಪಬೇಕಲ್ಲ ಎಂದಳು. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಕದ್ದು ಕದ್ದು ಸಾಕಾಗಿದೆ ಕಣೇ. ನೀನೇ ಕೊಟ್ರೆ ಕದ್ದ ಹಾಗಾಗಲ್ಲ ಅಂತ ಬಂದೆ."

ಏನೂ ತೋಚದಾಗ ಬಾಯಿ ರೂಢಿಯ ಕೆಲಸಕ್ಕೆ ಹತ್ತುತ್ತದೆ. ಅಮ್ಮನನ್ನು ಬೆಂಚಿಗೆ ಕಳಿಸಿ ಮುದುಕರನ್ನು ಹತ್ತಿರ ಕರೆದೆ. ಇವರು ತಪ್ಪು ಹೇಳಲಿ, ಸಾಗಹಾಕಲು ಒಂದು ನೆಪ ಸಿಗಲಿ ಎಂಬುದೇ ನನ್ನ ಆಸೆ. ಅವಳಿಗೆ ಯಾವುದನ್ನು ಕಂಡರೆ ಭಯ ಎಂದು ಕೇಳಿದೆ.

ಅವರು ತಡವರಿಸಲೂ ಇಲ್ಲ. "ನಿನ್ನನ್ನು ಕಂಡ್ರೆ ಕಣಮ್ಮಾ," ಎಂದರು. ಬೈದ ಹಾಗಿರಲಿಲ್ಲ, ಬೇಜಾರಿನಲ್ಲಿ ಹೇಳಿದ ಹಾಗಿತ್ತು.

ಕೆನ್ನೆಗೆ ಬಾರಿಸಿದಂತಾಯಿತು. ನಾನು ಅಮ್ಮನಿಗೆ ಒಂದು ದಿನ ಊಟ ತಪ್ಪಿಸಿದವಳಲ್ಲ, ಔಷಧಿ ತಪ್ಪಿಸಿದವಳಲ್ಲ. ದಡದಡನೆ ಬೆಂಚಿನ ಹತ್ತಿರ ಹೋಗಿ ಅದೇ ಪ್ರಶ್ನೆ ಕೇಳಿದೆ.

"ನಿನ್ನನ್ನೇ," ಎಂದಳು. "ಇನ್ಯಾರನ್ನು?"

ಉತ್ತರ ತಾಳೆಯಾಗಿತ್ತು. ಹದಿನಾಲ್ಕನೇ ನಂಬರಿನ ರೂಮು ಖಾಲಿಯಿತ್ತು. ನನ್ನದೇ ನಿಯಮದ ಪ್ರಕಾರ ಕೊಡಬೇಕಿತ್ತು. ಅಷ್ಟರಲ್ಲಿ ಮಾಲೀಕರು ಎದ್ದು ಬಂದು, ಏನು ಸಮಾಚಾರ, ಯಾರಿವರು ಎಂದರು. ನನ್ನ ತಾಯಿ ಎನ್ನಲು ನಾಲಿಗೆ ಏಳಲಿಲ್ಲ. ದಿನವೂ ಆಡುವ ಮಾತೇ ಬಂತು.

"ಕಾಗದ ಇಲ್ದೆ ರೂಮು ಕೊಡೋಕಾಗಲ್ಲ."

ಅಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಮಾಲೀಕರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು.

"ಆಯ್ತು ಮೇಡಂ," ಎಂದಳು. "ತೊಂದರೆ ಕೊಟ್ವಿ."

ವಾಚ್ ರಿಪೇರಿಯವರ ತೋಳು ಹಿಡಿದು ಹೊರಟುಹೋದಳು. ಮಾಲೀಕರು ನನ್ನತ್ತ ತಿರುಗಿ, ಈ ವಯಸ್ಸಿನಲ್ಲೂ ಚಪಲ ನೋಡು ಎಂದು ನಕ್ಕರು. ನಾನೂ ನಕ್ಕೆ.